ಕೊಡಗಿನ ಮಳೆಕಾಡಿನಲ್ಲಿ ಒಂದು ದಿನದ ಕ್ಷೇತ್ರ ಅಧ್ಯಯನ: ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಕೊಡಗಿನ ಕಡಮಕಲ್ಲು ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಸಂಖ್ಯೆ ಹೊತ್ತ ಮರಗಳಿವೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯ ವಿಜ್ಞಾನಿಗಳು 1990ರ ಸುಮಾರಿಗೆ ಅಲ್ಲಿ ಶಾಶ್ವತ ಅಧ್ಯಯನ ತಾಣವನ್ನು ಗುರುತಿಸಿ, 30 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಸುತ್ತಳತೆಯ ಮರಗಳನ್ನೆಲ್ಲ ಅಳೆದು ದಾಖಲಿಸಿದರು. ಅಲ್ಲಿಂದೀಚೆಗೆ ಅವೇ ಮರಗಳನ್ನು ಮತ್ತೆ ಮತ್ತೆ ಅಳೆಯಲಾಗಿದೆ. ಯಾವ ಮರ ಎಷ್ಟು ದಪ್ಪವಾಯಿತು, ಯಾವುದು ಸತ್ತಿತು, ಅದರ ಜಾಗದಲ್ಲಿ ಯಾವುದು ಮೇಲೆದ್ದಿತು ಎಂಬುದು ನಮಗೆ ತಿಳಿಯುವುದು ಹೀಗೆ. ಹೊಸದಾಗಿ ಬಂದ ಸಂಶೋಧಕರು ಹಳೆಯ ಮರವನ್ನು ಹುಡುಕಿ, ಅದೇ ಎತ್ತರದಲ್ಲಿ ಟೇಪು ಸುತ್ತಬಲ್ಲರು ಎಂದರೆ ಅದಕ್ಕೆ ಕಾರಣ ಮೊದಲ ದಿನ ಬರೆದಿಟ್ಟವರ ಶಿಸ್ತು.

ಈ ಮಾರ್ಗದರ್ಶಿಯನ್ನು ನಾನು ಬರೆಯುತ್ತಿರುವುದು ಆ ಶಿಸ್ತಿಗಾಗಿ. ಸಸ್ಯಶಾಸ್ತ್ರ, ಅರಣ್ಯಶಾಸ್ತ್ರ, ಪರಿಸರ ವಿಜ್ಞಾನ ಓದುವ ಅನೇಕರು ಕಾಡಿಗೆ ಹೋಗಿ ಬರುತ್ತಾರೆ. ನೂರಾರು ಚಿತ್ರಗಳು ಬರುತ್ತವೆ, ಬಳಸಲು ಬರುವ ಮಾಹಿತಿ ಮಾತ್ರ ಬರುವುದಿಲ್ಲ. ನೀವು ಇಂದು ಅಳೆದ ಮರವನ್ನು, ನಿಮ್ಮ ಮುಖವನ್ನೇ ನೋಡಿರದ ಇನ್ನೊಬ್ಬ ವಿದ್ಯಾರ್ಥಿ ಹತ್ತು ವರ್ಷಗಳ ನಂತರ ನಿಮ್ಮ ಹಾಳೆ ಹಿಡಿದು ಹೋಗಿ ಪತ್ತೆ ಮಾಡುವಂತಿರಬೇಕು. ಮುಂದಿನ ಪ್ರತಿ ಹೆಜ್ಜೆಯೂ ಈ ಒಂದು ಪರೀಕ್ಷೆಗೆ ಉತ್ತರ ಕೊಡಬೇಕು.

ಹೆಜ್ಜೆ 1: ಒಂದು ದಿನಕ್ಕೆ ಒಂದೇ ಪ್ರಶ್ನೆ

“ಕೊಡಗಿನ ಜೀವವೈವಿಧ್ಯದ ಅಧ್ಯಯನ” ಎಂಬುದು ಪ್ರಶ್ನೆಯಲ್ಲ. ಒಂದು ದಿನದಲ್ಲಿ ಮೂವರು ವಿದ್ಯಾರ್ಥಿಗಳು ಉತ್ತರದ ಒಂದು ಭಾಗವನ್ನಾದರೂ ಹೊತ್ತು ತರಬಹುದಾದ ಪ್ರಶ್ನೆ ಬೇಕು. ಉದಾಹರಣೆಗೆ: ಸಾಲುಧೂಪದ (ಘಟ್ಟದ ಕಾಡಿನ ಒಂದು ಎತ್ತರದ ಮರ) ಸಸಿಗಳು ತಾಯಿಮರದ ನೆರಳಿನಲ್ಲಿ ಹೆಚ್ಚಿವೆಯೇ, ಮರ ಬಿದ್ದು ಬೆಳಕು ಇಳಿದ ತೆರಪಿನಲ್ಲಿ ಹೆಚ್ಚಿವೆಯೇ? ಈ ಪ್ರಶ್ನೆಗೆ ಏನನ್ನು ಅಳೆಯಬೇಕು ಎಂಬುದು ಪ್ರಶ್ನೆಯೊಳಗೇ ಇದೆ: ದೊಡ್ಡ ಮರಗಳು, ಸಸಿಗಳು, ಬೆಳಕು. ಮುಂದಿನ ಹೆಜ್ಜೆಗಳಲ್ಲಿ ಇದೇ ಉದಾಹರಣೆಯನ್ನು ಹಿಡಿದುಕೊಳ್ಳುತ್ತೇನೆ.

ಜಾಗದ ಆಯ್ಕೆ ಪ್ರಶ್ನೆಯನ್ನು ಹಿಂಬಾಲಿಸಲಿ. ತಗ್ಗಿನ ನಿತ್ಯಹರಿದ್ವರ್ಣ ಕಾಡು ಬೇಕಾದರೆ ವಿರಾಜಪೇಟೆಯಿಂದ ಕೇರಳದ ಕಡೆಗೆ ಇಳಿಯುವ ಮಾಕುಟ್ಟದ ಸುತ್ತಲಿನ ಕಾಡು, ಅಥವಾ ಕಡಮಕಲ್ಲಿನ ಇಳಿಜಾರು. ಎತ್ತರದ ಶೋಲಾ (ಬೆಟ್ಟದ ಮಡಿಲಿನ ಗಿಡ್ಡ ಕಾಡು) ಮತ್ತು ಹುಲ್ಲುಗಾವಲು ಬೇಕಾದರೆ 1,748 ಮೀಟರ್ ಎತ್ತರದ ತಡಿಯಂಡಮೋಳ್ ಅಥವಾ ಬ್ರಹ್ಮಗಿರಿ ಸಾಲು. ಪುಷ್ಪಗಿರಿ, ತಲಕಾವೇರಿ ಮತ್ತು ಬ್ರಹ್ಮಗಿರಿ ವನ್ಯಜೀವಿಧಾಮಗಳು, ಪದಿನಾಲ್ಕುನಾಡು ಮತ್ತು ಕೆರ್ಟಿ ಮೀಸಲು ಅರಣ್ಯಗಳು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿವೆ. ಆ ಹೆಸರುಗಳ ಆಕರ್ಷಣೆ ದೊಡ್ಡದು, ಒಪ್ಪುತ್ತೇನೆ. ಆದರೂ ಮೊದಲ ಬಾರಿ ಹೋಗುವವರಿಗೆ ನನ್ನ ಸಲಹೆ ದೇವರಕಾಡು, ಅಂದರೆ ಊರಿನವರು ದೇವರ ಹೆಸರಿನಲ್ಲಿ ಉಳಿಸಿಕೊಂಡ ಕಾಡು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಕೆಲವು ಒಂದು ಎಕರೆಯೂ ಇಲ್ಲದ ತುಣುಕುಗಳು, ಕೆಲವು ದಟ್ಟ ಕಾಡುಗಳು. ಕಾಫಿ ತೋಟಗಳ ನಡುವೆ ಇರುವುದರಿಂದ ತಲುಪುವುದು ಸುಲಭ. ತೋಟಕ್ಕೂ ಕಾಡಿಗೂ ಹೋಲಿಕೆ ಮಾಡುವ ಪ್ರಶ್ನೆಗಳಿಗಂತೂ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹೆಜ್ಜೆ 2: ಅನುಮತಿ, ಪತ್ರ, ಊರಿನ ಒಪ್ಪಿಗೆ

ವನ್ಯಜೀವಿಧಾಮದೊಳಗೆ ಸಂಶೋಧನೆಗೆ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕಾಲೇಜಿನ ಪತ್ರ, ಮಾರ್ಗದರ್ಶಕರ ಸಹಿ, ಉದ್ದೇಶ, ವಿಧಾನ, ದಿನಾಂಕಗಳು, ಹೋಗುವವರೆಲ್ಲರ ಹೆಸರು, ಜಾಗದ ನಕಾಶೆ ಸೇರಿಸಿ ಬೆಂಗಳೂರಿನ ಅರಣ್ಯ ಭವನಕ್ಕೆ ಅರ್ಜಿ ಕಳುಹಿಸಿ; ತಿಂಗಳುಗಳ ಮೊದಲೇ ಕಳುಹಿಸಿ. ಎಲೆ, ಹೂವು, ಬೀಜ ಕೀಳುವುದಿದ್ದರೆ ಅದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು. ಪ್ರವೇಶಕ್ಕೆ ಸಿಕ್ಕ ಅನುಮತಿ ಸಂಗ್ರಹಕ್ಕೆ ಸಿಕ್ಕ ಅನುಮತಿಯಲ್ಲ. ಕಪ್ಪೆ, ಹಾವು, ಹಕ್ಕಿಗಳನ್ನು ಹಿಡಿಯುವುದು ಬೇರೆಯೇ ಮಾತು. ಒಂದು ದಿನದ ವಿದ್ಯಾರ್ಥಿ ಅಧ್ಯಯನದಲ್ಲಿ ಅದರ ಗೊಡವೆಯೇ ಬೇಡ.

ಅನುಮತಿ ಕೈಗೆ ಬಂದ ಮೇಲೆ ಅದರ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಖುದ್ದಾಗಿ ಹೋಗಿ. ಯಾವ ದಿಕ್ಕಿನಲ್ಲಿ ಆನೆಗಳಿವೆ, ಯಾವ ತೊರೆಗೆ ಸೇತುವೆ ಇಲ್ಲ, ಜೊತೆಗೆ ಬರುವ ವಾಚರ್ (ಅರಣ್ಯ ಕಾವಲುಗಾರ) ಯಾರು ಎಂಬುದು ಅಲ್ಲಿಯೇ ತಿಳಿಯುತ್ತದೆ.

ದೇವರಕಾಡಿಗೆ ಊರಿನ ದೇವರಕಾಡು ಸಮಿತಿಯವರನ್ನೂ ದೇವಸ್ಥಾನದ ತಕ್ಕರನ್ನೂ (ಪರಂಪರೆಯಿಂದ ಬಂದ ಮುಖ್ಯಸ್ಥರು) ಕಾಣಬೇಕು. ಅರಣ್ಯ ಇಲಾಖೆಗೂ ತಿಳಿಸಬೇಕು. ಯಾವ ಭಾಗಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಾರದು, ಯಾವ ದಿನ ಒಳಗೆ ಕಾಲಿಡಬಾರದು, ಯಾವ ಕಲ್ಲಿನ ಚಿತ್ರ ತೆಗೆಯಬಾರದು ಎಂಬುದು ಊರಿಂದೂರಿಗೆ ಬೇರೆ. ಮೊದಲೇ ಕೇಳಿ ಬರೆದುಕೊಳ್ಳಿ. ಆ ಕಾಡು ಇಷ್ಟು ಕಾಲ ಉಳಿದಿರುವುದು ಆ ಕಟ್ಟುಪಾಡುಗಳಿಂದಲೇ. ಹಾಗಾಗಿ ಅವೂ ನಿಮ್ಮ ಅಧ್ಯಯನದ ಭಾಗ.

ಹೆಜ್ಜೆ 3: ಕಾಲ ನೋಡಿ ದಿನ ಗೊತ್ತು ಮಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಅಂಚಿನ ಕಾಡಿನಲ್ಲಿ ಅಳತೆಯ ಕೆಲಸ ಬೇಡ. ಮಳೆ ಮಾತ್ರ ಕಾರಣವಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡಗಳು ಜಾರಿದ್ದು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಬೆಟ್ಟ ಕುಸಿದು ಜೀವಹಾನಿಯಾದದ್ದು ಕೊಡಗಿನವರಿಗೆ ಹಳೆಯ ಸುದ್ದಿಯಲ್ಲ. ಮರಗಳ ಅಳತೆಗೆ ಡಿಸೆಂಬರ್‌ನಿಂದ ಏಪ್ರಿಲ್ ಅನುಕೂಲ. ಸಾಲುಧೂಪದಂತಹ ಮರಗಳ ಬೀಜ ಮಳೆಗಾಲದ ಆರಂಭದಲ್ಲಿ ಬಿದ್ದು ಹೆಚ್ಚು ತಡಮಾಡದೆ ಮೊಳೆಯುತ್ತದೆ, ಒಣಗಿಸಿಟ್ಟರೆ ಸಾಯುತ್ತದೆ. ಆದ್ದರಿಂದ ಆ ವರ್ಷದ ಸಸಿಗಳನ್ನು ಎಣಿಸುವವರಿಗೆ ಮಳೆ ಹಿಂದೆ ಸರಿದ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಒಳ್ಳೆಯದು. ಆಗ ಜಿಗಣೆ ಇನ್ನೂ ಇರುತ್ತವೆ, ಅದನ್ನು ಸಹಿಸಬೇಕು.

ಊರಿನ ಪಂಚಾಂಗವನ್ನೂ ನೋಡಿ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ದಿನಗಳಲ್ಲಿ ಭಾಗಮಂಡಲದ ಕಡೆ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಸುಗ್ಗಿಯ ಹಬ್ಬ ಪುತ್ತರಿಯ ವಾರದಲ್ಲಿ ಜೊತೆಗೆ ಬರುವವರು ಸಿಗುವುದಿಲ್ಲ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಕಾಡು ಬಲ್ಲವರಿಗೆ ತೋಟದಲ್ಲಿ ಕೆಲಸವಿರುತ್ತದೆ. ಬಹಳ ಮುಂಚೆಯೇ ಮಾತಾಡಿಕೊಂಡು, ಅವರ ದಿನಗೂಲಿಗೆ ಕಡಿಮೆಯಾಗದಂತೆ ಕೊಡಿ.

ಹೆಜ್ಜೆ 4: ಹಿಂದಿನ ರಾತ್ರಿಯ ಚೀಲ

ಅಳತೆಗೆ ಬೇಕಾದದ್ದು: 50 ಮೀಟರಿನ ಟೇಪು, ಸುತ್ತಳತೆಗೆ ಬಟ್ಟೆ ಅಥವಾ ಫೈಬರ್‌ನ ಸಣ್ಣ ಟೇಪು, ಎದ್ದು ಕಾಣುವ ಬಣ್ಣದ ನೈಲಾನ್ ಹಗ್ಗ, ನಾಲ್ಕು ಗೂಟ, ದಿಕ್ಸೂಚಿ, ಜಿಪಿಎಸ್ ಅಥವಾ ನಕಾಶೆ ಮೊದಲೇ ಇಳಿಸಿಕೊಂಡ ಮೊಬೈಲ್, ದುರ್ಬೀನು, 1.3 ಮೀಟರ್ ಉದ್ದಕ್ಕೆ ಕತ್ತರಿಸಿದ ನೇರ ಕೋಲು. ಬರೆಯಲು ಪೆನ್ಸಿಲ್, ಅದರಲ್ಲೂ ಎರಡು ಹೆಚ್ಚುವರಿ. ಜೆಲ್ ಪೆನ್ನಿನ ಅಕ್ಷರ ಒಂದು ಹನಿಗೆ ಹರಡಿಹೋಗುತ್ತದೆ. ದಾಖಲೆ ಹಾಳೆಗಳನ್ನು ಮನೆಯಲ್ಲೇ ಗೆರೆ ಹಾಕಿ ಮುದ್ರಿಸಿ, ಗಟ್ಟಿ ಪ್ಯಾಡಿಗೆ ಸಿಕ್ಕಿಸಿ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಹಾಕಿ.

ಮೈಗೆ ಬೇಕಾದದ್ದು: ಉದ್ದ ತೋಳಿನ ಮಂದ ಬಣ್ಣದ ಅಂಗಿ, ಬೇಗ ಒಣಗುವ ಪ್ಯಾಂಟು, ಹಿಡಿತವಿರುವ ಬೂಟು, ಮೊಣಕಾಲಿನ ಕೆಳಗೆ ಕಟ್ಟುವ ದಟ್ಟ ನೇಯ್ಗೆಯ ಜಿಗಣೆ ಕಾಲುಚೀಲ, ಮಳೆಯಂಗಿ, ಟಾರ್ಚು, ಸೀಟಿ, ಪ್ರಥಮ ಚಿಕಿತ್ಸೆಯ ಸಣ್ಣ ಪೆಟ್ಟಿಗೆ. ತಲಾ ಎರಡು ಲೀಟರ್ ನೀರು. ಬುತ್ತಿಗೆ ಅಕ್ಕಿ ರೊಟ್ಟಿ, ಗಟ್ಟಿ ಚಟ್ನಿ, ಬೆಲ್ಲ ಸಾಕು. ಕೈ ತೊಳೆಯಲು ತೊರೆ ಹುಡುಕಬೇಕಾದ ಊಟ ಬೇಡ. ಸುಗಂಧದ ಎಣ್ಣೆ, ಸೆಂಟು ಮನೆಯಲ್ಲೇ ಇರಲಿ.

ಮಲಗುವ ಮೊದಲು ಒಂದು ಚೀಟಿಯಲ್ಲಿ ಹೋಗುವ ದಾರಿ, ಇರುವ ಜಾಗ, ಹೊರಬರುವ ಸಮಯ ಬರೆದು ಉಳಿದುಕೊಂಡ ಮನೆಯವರಿಗೆ ಕೊಡಿ. ಕಾಡಿನ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಸಂಜೆ ಎಷ್ಟು ಗಂಟೆಯ ಮೇಲೆ ಯಾರಿಗೆ ಫೋನ್ ಮಾಡಬೇಕು ಎಂಬುದೂ ಆ ಚೀಟಿಯಲ್ಲಿರಲಿ.

ಹೆಜ್ಜೆ 5: ಬೆಳಗಿನ ನಡಿಗೆ

ಚಳಿಗಾಲದಲ್ಲಿ ಇಲ್ಲಿ ಸೂರ್ಯ ಮೂಡುವುದು ಆರೂಮುಕ್ಕಾಲರ ಆಸುಪಾಸು. ಬೆಳಕು ಸರಿಯಾಗಿ ಹರಿಯುವ ಮೊದಲು ಕಾಡಿನ ಒಳಗೆ ಹೆಜ್ಜೆ ಇಡಬೇಡಿ. ರಾತ್ರಿಯೆಲ್ಲ ಓಡಾಡಿದ ಆನೆ, ಕಾಟಿಗಳು (ಕಾಡುಕೋಣ) ಆ ಹೊತ್ತಿಗೆ ದಾರಿಯಲ್ಲೇ ಇರಬಹುದು. ವಾಚರ್ ಅಣ್ಣ ಮುಂದೆ, ಬರೆಯುವವರು ಹಿಂದೆ, ನಡುವೆ ಉಳಿದವರು. ಅವರು ನಿಂತಾಗ ನಿಲ್ಲಬೇಕು. ಕೈ ಎತ್ತಿದರೆ ಮಾತು ನಿಲ್ಲಬೇಕು. ಹಿಂದಿರುಗೋಣ ಎಂದರೆ ಚರ್ಚೆ ಬೇಡ. ಹಸಿಯಾದ ಲದ್ದಿ, ಆಗಷ್ಟೇ ಮುರಿದ ಬೈನೆ ಮರ ಅಥವಾ ಬಿದಿರು, ಬುಡದಲ್ಲಿ ಒದ್ದೆ ಮಣ್ಣು ಸವರಿದ ಮರ ಕಂಡರೆ ಆ ದಿನ ಆ ದಾರಿ ನಿಮ್ಮದಲ್ಲ.

ಮುಖ್ಯ ಕೆಲಸ ಮರಗಳದ್ದೇ ಆದರೂ, ದಾರಿಯಲ್ಲಿ ಒಂದು ಜಾಗದಲ್ಲಿ ನಿಂತು ಹತ್ತು ನಿಮಿಷ ಹಕ್ಕಿಗಳನ್ನು ದಾಖಲಿಸುವುದು ಒಳ್ಳೆಯ ಅಭ್ಯಾಸ. ಬಂದ ಸದ್ದು ಅಡಗಲು ಎರಡು ನಿಮಿಷ ಸುಮ್ಮನಿರಿ, ನಂತರ ಎಣಿಕೆ ಶುರುಮಾಡಿ. ಮಳೆಕಾಡಿನಲ್ಲಿ ಹಕ್ಕಿ ಸಿಗುವುದು ಹೆಚ್ಚಾಗಿ ಕಿವಿಗೆ: ತೊರೆಯ ಕಡೆಯಿಂದ ಸಿಳ್ಳಾರನ ಸಿಳ್ಳೆ, ಮೇಲಿನ ಎಲೆಗಳ ಛಾವಣಿಯಿಂದ ಮಂಗಟ್ಟೆಯ ಕರ್ಕಶ ನಗೆ, ಇತರರ ದನಿಗಳನ್ನೆಲ್ಲ ಅನುಕರಿಸುವ ಭೀಮರಾಜ. ಕಂಡದ್ದು, ಕೇಳಿದ್ದು ಬೇರೆ ಬೇರೆ ಕಾಲಮಿನಲ್ಲಿರಲಿ. ಮೊಬೈಲ್ ಆ್ಯಪ್ ಸೂಚಿಸಿದ ಹೆಸರು ಸುಳಿವು ಮಾತ್ರ. ನಿಮ್ಮ ಕಿವಿಗೆ ಖಾತ್ರಿಯಾಗದಿದ್ದರೆ ಧ್ವನಿ ಮುದ್ರಿಸಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಹೆಜ್ಜೆ 6: ಚೌಕ ಹಾಕುವುದು

ಇಲ್ಲಿಂದ ಅವಸರ ಬಿಡಿ. ಕಲಿಯುವವರಿಗೆ ದಿನಕ್ಕೆ 20 ಮೀಟರ್ ಉದ್ದ, 20 ಮೀಟರ್ ಅಗಲದ ಎರಡು ಚೌಕಗಳು ಸಾಕು. ನಾಲ್ಕು ಚೌಕ ಅರ್ಧರ್ಧ ಮಾಡಿದವರಿಗಿಂತ ಒಂದನ್ನು ಪೂರ್ತಿ ಮಾಡಿದವರ ಹಾಳೆ ಬೆಲೆಯುಳ್ಳದ್ದು.

ಚೌಕ ಎಲ್ಲಿ ಎಂಬುದನ್ನು ಕಾಡಿನೊಳಗೆ ನಿಂತು ತೀರ್ಮಾನಿಸಬಾರದು. ಕಣ್ಣಿಗೆ ಚೆಂದ ಕಂಡ ದೊಡ್ಡ ಮರದತ್ತ ಕಾಲು ತಾನಾಗಿಯೇ ಹೋಗುತ್ತದೆ. ಮುಳ್ಳಿನ ಬೆತ್ತದ ಹಿಂಡಿನಿಂದ ತಾನಾಗಿಯೇ ದೂರ ಸರಿಯುತ್ತದೆ. ಹಾಗೆ ಆರಿಸಿದ ಚೌಕಗಳು ಕಾಡಿನ ಚಿತ್ರ ಕೊಡುವುದಿಲ್ಲ, ನಿಮ್ಮ ಅನುಕೂಲದ ಚಿತ್ರ ಕೊಡುತ್ತವೆ. ನಕಾಶೆಯ ಮೇಲೆ ಗೆರೆ ಎಳೆದು, ಆರಂಭದ ಬಿಂದುಗಳನ್ನು ಚೀಟಿ ಎತ್ತಿ ಆರಿಸಿ. ಅಲ್ಲಿ ಬೆತ್ತ ಬಂದರೆ ಬೆತ್ತವನ್ನೇ ದಾಖಲಿಸಿ. ಬಂಡೆ, ಪ್ರಪಾತ, ಆನೆ ದಾರಿಯಂತಹ ಅಪಾಯವಿದ್ದರೆ ಮಾತ್ರ ಜಾಗ ಬದಲಿಸಿ, ಬದಲಿಸಿದ ಕಾರಣವನ್ನು ಬರೆಯಿರಿ.

ಮೊದಲ ಗೂಟ ನೆಟ್ಟು ಜಿಪಿಎಸ್ ಓದಿ. ದಟ್ಟ ಎಲೆಗಳ ಅಡಿಯಲ್ಲಿ ಅದು ಹಲವು ಮೀಟರ್ ತಪ್ಪಬಹುದು. ಸ್ವಲ್ಪ ಹೊತ್ತು ಅಲುಗಾಡದೆ ಇಟ್ಟು, ಪರದೆಯ ಮೇಲೆ ತೋರಿಸುವ ನಿಖರತೆಯ ಅಂಕಿಯನ್ನೂ ಬರೆದುಕೊಳ್ಳಿ. ಜಿಪಿಎಸ್ ಒಂದನ್ನೇ ನಂಬಬೇಡಿ. “ತೊರೆ ದಾಟುವ ಮೂರು ಬಂಡೆಗಳ ಜಾಗದಿಂದ ದಿಕ್ಸೂಚಿ 240 ಡಿಗ್ರಿಗೆ 35 ಮೀಟರ್” ಎಂಬಂತಹ ಒಂದು ವಾಕ್ಯವೇ ಮುಂದೆ ಬರುವವರ ಕೈ ಹಿಡಿಯುವುದು. ಹೆಗ್ಗುರುತಾಗಿ ಬಂಡೆ, ತೊರೆಯ ತಿರುವು ಆರಿಸಿ; ಬಿದ್ದ ಮರದ ದಿಮ್ಮಿ ಕೆಲವೇ ವರ್ಷಗಳಲ್ಲಿ ಮಣ್ಣಾಗುತ್ತದೆ.

ಲಂಬಕೋನ ಹಾಕಲು ಶಾಲೆಯ ಲೆಕ್ಕ ಸಾಕು. ಒಂದು ಬದಿಯಲ್ಲಿ 12 ಮೀಟರ್, ಇನ್ನೊಂದರಲ್ಲಿ 16 ಮೀಟರ್ ಗುರುತು ಹಾಕಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 20 ಮೀಟರ್ ಬಂದರೆ ಮೂಲೆ ನೇರವಾಗಿದೆ. ಕೊನೆಗೆ ಕರ್ಣ ಅಳೆಯಿರಿ, 28.3 ಮೀಟರ್ ಬರಬೇಕು.

ಕೊಡಗಿನಲ್ಲಿ ಸಮತಟ್ಟಾದ ಚೌಕ ಸಿಗುವುದು ಅಪರೂಪ, ಆದ್ದರಿಂದ ಇಳಿಜಾರಿನ ತಿದ್ದುಪಡಿ ಕಲಿಯಲೇಬೇಕು. ಕಾಡಿನ ವಿಸ್ತೀರ್ಣವನ್ನು ಲೆಕ್ಕ ಹಾಕುವುದು ಸಮತಲದ ಅಳತೆಯಲ್ಲಿ. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ 20 ಮೀಟರ್ ಟೇಪು ಎಳೆದರೆ ಸಮತಲದಲ್ಲಿ ಅದು 17.3 ಮೀಟರ್ ಮಾತ್ರ. ಪೂರ್ತಿ 20 ಬೇಕಾದರೆ ನೆಲದ ಮೇಲೆ 23.1 ಮೀಟರ್ ಎಳೆಯಬೇಕು: 20ನ್ನು ಇಳಿಜಾರಿನ ಕೋನದ ಕೊಸೈನ್‌ನಿಂದ ಭಾಗಿಸಿದಾಗ ಬರುವ ಅಂಕಿ. ಇದನ್ನು ಬಿಟ್ಟರೆ ಒಂದು ಹೆಕ್ಟೇರಿಗೆ ಎಷ್ಟು ಮರ ಎಂಬ ನಿಮ್ಮ ಉತ್ತರ ಮೊದಲಿನಿಂದಲೇ ತಪ್ಪು.

ಹೆಜ್ಜೆ 7: ಟೇಪು ಸುತ್ತುವುದು

ಒಬ್ಬರು ಅಳೆಯಲಿ, ಒಬ್ಬರು ಗುರುತಿಸಲಿ, ಒಬ್ಬರು ಬರೆಯಲಿ. ಅಳೆದವರು ಕೂಗಿದ ಅಂಕಿಯನ್ನು ಬರೆಯುವವರು ತಿರುಗಿ ಹೇಳಬೇಕು. ತೊರೆಯ ಸದ್ದಿನಲ್ಲಿ “ಐವತ್ತಾರು” ಮತ್ತು “ಅರವತ್ತಾರು” ಒಂದೇ ರೀತಿ ಕೇಳಿಸುತ್ತವೆ, ಆದ್ದರಿಂದ “ಐದು, ಆರು” ಎಂದು ಬಿಡಿಬಿಡಿಯಾಗಿ ಹೇಳಿ.

ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ತೆಗೆದುಕೊಳ್ಳಬೇಕು. ಕೋಲನ್ನು ಬುಡಕ್ಕೆ ಹಚ್ಚಿ, ಎತ್ತರ ಗುರುತಿಸಿ, ಟೇಪನ್ನು ಕಾಂಡಕ್ಕೆ ಅಡ್ಡಲಾಗಿ ಬಿಗಿಯಾಗಿ ಸುತ್ತಿ. ಇಳಿಜಾರಿನಲ್ಲಿ ಮೇಲ್ಬದಿಯ ನೆಲದಿಂದ ಎತ್ತರ ಅಳೆಯಿರಿ. ವಾಲಿದ ಮರವಾದರೆ ಕಾಂಡದ ಉದ್ದಕ್ಕೇ 1.3 ಮೀಟರ್. ಆ ಎತ್ತರಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲಿಗೂ ಬೇರೆ ಅಂಕಿ, ಮರದ ಸಂಖ್ಯೆ ಮಾತ್ರ ಒಂದೇ. ಕಾಂಡಕ್ಕೆ ಅಂಟಿದ ಬಳ್ಳಿ, ಪಾಚಿಯ ದಪ್ಪ ಪದರ ಅಳತೆಯೊಳಗೆ ಸೇರಬಾರದು. ಟೇಪನ್ನು ಬಳ್ಳಿಯ ಅಡಿಯಲ್ಲಿ ನುಸುಳಿಸಿ, ಬಳ್ಳಿಯನ್ನು ಕಡಿಯಬೇಡಿ.

ದೊಡ್ಡ ಮರಗಳ ಬುಡದಲ್ಲಿ ಹಲಗೆಯಂತೆ ಚಾಚಿದ ಆನಿಕೆ ಬೇರುಗಳು 1.3 ಮೀಟರನ್ನೂ ಮೀರಿ ಏರಿರುತ್ತವೆ. ಅವುಗಳ ಸುತ್ತ ಟೇಪು ಹಾಕಿದರೆ ಮರದ ದಪ್ಪ ಸಿಗುವುದಿಲ್ಲ, ಬೇರಿನ ಹರವು ಸಿಗುತ್ತದೆ. ಬೇರುಗಳು ಮುಗಿದು ಕಾಂಡ ದುಂಡಗಾಗುವ ಎತ್ತರದಲ್ಲಿ ಅಳೆದು, ಆ ಎತ್ತರವನ್ನು ತಪ್ಪದೆ ಬರೆಯಿರಿ: “ಸುತ್ತಳತೆ 312 ಸೆಂ.ಮೀ., ಅಳೆದ ಎತ್ತರ 2.4 ಮೀ.” ಎತ್ತರ ಬರೆಯದ ಅಂಕಿ ಮುಂದಿನ ಬಾರಿ ಉಪಯೋಗಕ್ಕೆ ಬರುವುದಿಲ್ಲ, ಹತ್ತು ವರ್ಷಗಳ ನಂತರ ಮರ ಸಣಕಲಾದಂತೆ ಕಾಣಬಹುದು.

30 ಸೆಂಟಿಮೀಟರ್‌ಗಿಂತ ಕಡಿಮೆ ಸುತ್ತಳತೆಯ ಗಿಡ ಈ ಪಟ್ಟಿಗೆ ಸೇರುವುದಿಲ್ಲ. 29.5 ಬಂದರೆ ಕರುಣೆ ತೋರಬೇಡಿ. ಗಡಿಯ ಹಗ್ಗದ ಮೇಲೆಯೇ ನಿಂತ ಮರಕ್ಕೆ ಮೊದಲೇ ನಿಯಮ ಮಾಡಿಕೊಳ್ಳಿ: ಕಾಂಡದ ಅರ್ಧಕ್ಕಿಂತ ಹೆಚ್ಚು ಭಾಗ ಒಳಗಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ವ್ಯಾಸ ಬೇಕಾದರೆ ಸುತ್ತಳತೆಯನ್ನು 3.14ರಿಂದ ಭಾಗಿಸಬೇಕು, ಅದನ್ನು ರಾತ್ರಿ ಮಾಡಿ, ಕಾಡಿನಲ್ಲಿ ಅಳೆದದ್ದನ್ನೇ ಬರೆಯಿರಿ.

ದಾಖಲೆ ಹಾಳೆಯ ಒಂದು ಸಾಲು ಹೀಗಿರಲಿ: ಚೌಕ 1, ಮರ 17, ಮೂಲೆಯಿಂದ ಪೂರ್ವಕ್ಕೆ 6.2 ಮೀ., ಉತ್ತರಕ್ಕೆ 11.5 ಮೀ., ರಾಂಪತ್ರೆ, 84 ಸೆಂ.ಮೀ., 1.3 ಮೀ., ಬದುಕಿದೆ, ತುದಿ ಮುರಿದಿದೆ. ಮರದ ಮೇಲೆ ಅಲ್ಯೂಮಿನಿಯಂ ಬಿಲ್ಲೆ ಕಟ್ಟಲು ಅನುಮತಿ ಇಲ್ಲದಿದ್ದರೆ ಈ ಪೂರ್ವ–ಉತ್ತರದ ಅಳತೆಗಳೇ ಮರದ ವಿಳಾಸ.

ಇನ್ನೊಂದು ನಿಯಮವನ್ನು ಹಾಳೆಯ ತಲೆಯ ಮೇಲೆ ಮುದ್ರಿಸಿಕೊಳ್ಳಿ. ನೋಡಿದೆವು, ಏನೂ ಇರಲಿಲ್ಲ ಎಂದರೆ 0. ನೋಡಲೇ ಇಲ್ಲ ಎಂದರೆ ಅಡ್ಡಗೆರೆ. ಖಾಲಿ ಜಾಗ ಬಿಟ್ಟರೆ ಇವೆರಡರಲ್ಲಿ ಯಾವುದು ಎಂದು ಒಂದು ವಾರದ ನಂತರ ನಿಮಗೇ ನೆನಪಿರುವುದಿಲ್ಲ.

ಹೆಜ್ಜೆ 8: ಹೂವಿಲ್ಲದ ಮರವನ್ನು ಗುರುತಿಸುವುದು

ಹೊಸಬರು ಸೋತು ಕೂರುವುದು ಇಲ್ಲಿ. ಹೂವು ಮೂವತ್ತು ಮೀಟರ್ ಮೇಲೆ, ಎಲೆಗಳೆಲ್ಲ ಒಂದೇ ತರಹ: ಅಂಡಾಕಾರ, ಹೊಳಪು, ತುದಿಯಲ್ಲಿ ನೀರು ಜಾರಿಸುವ ಚೂಪು. ಆದರೂ ದಾರಿಯಿದೆ. ನೆಲ ನೋಡಿ, ಕಾಂಡ ನೋಡಿ, ಆಮೇಲೆ ಎಲೆ ನೋಡಿ.

ಬುಡದ ಸುತ್ತ ಬಿದ್ದ ಹಣ್ಣು, ಸಿಪ್ಪೆ, ಹೂವಿನ ದಳ, ಹಳೆಯ ಎಲೆ ಎತ್ತಿ ನೋಡಿ. ಅವು ಪಕ್ಕದ ಮರದ್ದೂ ಆಗಿರಬಹುದು ಎಂಬ ಎಚ್ಚರವಿರಲಿ. ನಂತರ ಎಲೆಯ ಜೋಡಣೆ: ಎದುರುಬದುರಾಗಿವೆಯೇ, ಒಂದಾದ ಮೇಲೊಂದರಂತಿವೆಯೇ? ಎಟುಕುವ ಎಲೆಯೊಂದರ ತೊಟ್ಟು ಮುರಿದರೆ ಬರುವ ರಸ ದೊಡ್ಡ ಸುಳಿವು. ಉಪ್ಪಾಗೆ, ಮುರುಗಲುಗಳ ಬಳಗದಲ್ಲಿ ಹಳದಿ ಅಂಟು. ಕೊಡಗಿನ ಅಡುಗೆಯ ಕಪ್ಪು ಹುಳಿ ಕಾಚಂಪುಳಿ ತಯಾರಾಗುವುದು ಆ ಬಳಗದ ಹಣ್ಣಿನಿಂದ. ಹೆಬ್ಬಲಸು, ಅತ್ತಿ, ಆಲದ ಬಳಗದಲ್ಲಿ ಬಿಳಿ ಹಾಲು. ರಾಂಪತ್ರೆಯ (ಕಾಡು ಜಾಯಿಕಾಯಿ) ಬಳಗದ ತೊಗಟೆಯ ಗಾಯದಿಂದ ಬರುವುದು ರಕ್ತದಂತಹ ಕೆಂಪು ರಸ. ಅದರ ಕೊಂಬೆಗಳು ಕಾಂಡದ ಸುತ್ತ ಒಂದೇ ಮಟ್ಟದಲ್ಲಿ ಅಡ್ಡಲಾಗಿ ಚಾಚುತ್ತವೆ. ಎಲೆ ಉಜ್ಜಿದಾಗ ಘಮ್ಮೆಂದರೆ ದಾಲ್ಚಿನ್ನಿಯ ಬಳಗವಿರಬಹುದು. ಎದುರುಬದುರು ಎಲೆಗಳ ತೊಟ್ಟುಗಳ ನಡುವೆ ಎಲೆಯ ಚೂರಿನಂತಹ ಸಣ್ಣ ಉಪಪತ್ರ ಕಂಡರೆ ಕಾಫಿಯ ಬಳಗ. ಕಾಫಿ ಗಿಡದ ಮೇಲೆ ಇದನ್ನು ಹಿಂದಿನ ದಿನವೇ ನೋಡಿ ಅಭ್ಯಾಸ ಮಾಡಿಕೊಳ್ಳಬಹುದು.

ತೊಗಟೆಗೆ ಕತ್ತಿ ಹಾಕಿ ನೋಡುವ ಪದ್ಧತಿ ಹಳೆಯದು. ಅನುಮತಿ ಇಲ್ಲದೆ ಅದನ್ನು ಮಾಡಬೇಡಿ. ಮೊದಲೇ ಆದ ಗಾಯ, ಉದುರಿದ ಕೊಂಬೆ ಸಾಕಷ್ಟು ಹೇಳುತ್ತವೆ.

ಉಪ್ಪಂಗಳದ ಅಧ್ಯಯನ ಇನ್ನೊಂದು ನೆರವು ಕೊಡುತ್ತದೆ. ಅಲ್ಲಿ ಕಾಡಿನ ಒಂದೊಂದು ಅಂತಸ್ತಿನಲ್ಲಿ ಒಂದೊಂದು ಪ್ರಭೇದ ಮೇಲುಗೈ ಪಡೆದಿದೆ: ಎಲ್ಲಕ್ಕಿಂತ ಮೇಲೆ ಡಿಪ್ಟೆರೋಕಾರ್ಪಸ್ ಇಂಡಿಕಸ್, ಅದರ ಕೆಳಗಿನ ಛಾವಣಿಯಲ್ಲಿ ಸಾಲುಧೂಪ, ನಡುವೆ ರಾಂಪತ್ರೆ, ಕೆಳಗೆ ಹಂಬೋಲ್ಟಿಯ ಬ್ರುನೋನಿಸ್ ಎಂಬ ಸಣ್ಣ ಮರ. ಈ ಹಂಬೋಲ್ಟಿಯವನ್ನು ಮರೆಯಲಾಗುವುದಿಲ್ಲ. ಅದರ ಕೆಲವು ಗೆಣ್ಣುಗಳ ನಡುವಿನ ಕಾಂಡ ಉಬ್ಬಿ ಟೊಳ್ಳಾಗಿರುತ್ತದೆ, ಒಳಗೆ ಇರುವೆಗಳು ಸಂಸಾರ ಹೂಡಿರುತ್ತವೆ. ಈ ನಾಲ್ಕನ್ನು ಕಲಿತವರಿಗೆ ಅಂತಹ ತಗ್ಗಿನ ಕಾಡಿನಲ್ಲಿ ಮೊದಲ ಚೌಕದಲ್ಲೇ ಧೈರ್ಯ ಬರುತ್ತದೆ.

ಜೊತೆಗೆ ಬಂದ ಕುಡಿಯ, ಯರವ, ಕುರುಬ ಸಮುದಾಯಗಳ ಹಿರಿಯರಿಗೆ ನೀವು ಅಳೆಯುವ ಬಹುಪಾಲು ಮರಗಳು ಗೊತ್ತಿರುತ್ತವೆ. ಅವರು ಹೇಳಿದ ಹೆಸರನ್ನು ಅವರ ಉಚ್ಚಾರಣೆಯಲ್ಲೇ ಬರೆದು, ಯಾವ ಭಾಷೆಯ ಹೆಸರು ಎಂದೂ ನಮೂದಿಸಿ. ಅದನ್ನೇ ವೈಜ್ಞಾನಿಕ ಹೆಸರಾಗಿ ತಿರುಗಿಸಿಕೊಳ್ಳುವ ಆತುರ ಬೇಡ: ಧೂಪ ಎಂದರೆ ಸಾಲುಧೂಪವೂ ಆಗಬಹುದು, ಕರಿಧೂಪವೂ ಆಗಬಹುದು, ಅವು ಬೇರೆ ಬೇರೆ ಕುಟುಂಬದ ಮರಗಳು. ವರದಿಯಲ್ಲಿ ಆ ಹಿರಿಯರ ಹೆಸರು ಹಾಕಬಹುದೇ ಎಂದು ಅವರನ್ನೇ ಕೇಳಿ. ಒಪ್ಪಿದರೆ ಪ್ರಾಧ್ಯಾಪಕರ ಹೆಸರಿನ ಪಕ್ಕದಲ್ಲಿ ಹಾಕಿ.

ಗೊತ್ತಾಗದ ಮರಕ್ಕೆ “ಗುರುತಿಲ್ಲದ್ದು 1” ಎಂದು ಸಂಕೇತ ಕೊಟ್ಟು, ಎಲೆಯ ಎರಡೂ ಬದಿ, ತೊಟ್ಟು, ತೊಗಟೆ, ಬುಡ, ಛಾವಣಿ ಇಷ್ಟನ್ನೂ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಪ್ರತಿ ಸರಣಿಯ ಮೊದಲ ಚಿತ್ರ ಮರದ ಸಂಖ್ಯೆ ಬರೆದ ಚೀಟಿಯದ್ದಾಗಿರಲಿ. ಅದೇ ಬಗೆಯ ಮರ ಎರಡನೇ ಚೌಕದಲ್ಲಿ ಸಿಕ್ಕರೆ ಅದೇ ಸಂಕೇತ. ಊಹೆಯ ಹೆಸರಿಗಿಂತ ಪ್ರಾಮಾಣಿಕವಾದ ಸಂಕೇತವೇ ಮೇಲು. ಸಂಕೇತವನ್ನು ನಂತರ ಹೆಸರಾಗಿಸಬಹುದು, ತಪ್ಪು ಹೆಸರನ್ನು ಹುಡುಕಿ ತೆಗೆಯುವುದು ಕಷ್ಟ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಂತಹ ಸಂಸ್ಥೆಯ ತಜ್ಞರಿಗೆ ತೋರಿಸುವಾಗ ಈ ಚಿತ್ರಗಳೇ ನಿಮ್ಮ ಸಾಕ್ಷಿ.

ಹೆಜ್ಜೆ 9: ಸಸಿ ಮತ್ತು ಬೆಳಕು

ದೊಡ್ಡ ಚೌಕದ ನಾಲ್ಕು ಮೂಲೆಗಳಲ್ಲಿ ಮತ್ತು ನಡುವೆ ಒಂದೊಂದು ಮೀಟರಿನ ಸಣ್ಣ ಚೌಕ ಹಾಕಿ ಸಸಿಗಳನ್ನು ಎಣಿಸಿ. ಇದನ್ನು ಮರ ಅಳೆಯುವುದಕ್ಕೂ ಮೊದಲೇ ಮಾಡಿ. ಇಲ್ಲವಾದರೆ ಎಣಿಸಬೇಕಾದದ್ದನ್ನು ನೀವೇ ತುಳಿದಿರುತ್ತೀರಿ. ದಟ್ಟ ಕಾಡಿನ ನೆಲಕ್ಕೆ ತಲುಪುವುದು ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಪ್ರತಿ ಸಣ್ಣ ಚೌಕದ ಮೇಲಿನ ಛಾವಣಿಯನ್ನು ಒಂದೇ ಎತ್ತರದಿಂದ, ಮೊಬೈಲನ್ನು ಮಟ್ಟವಾಗಿ ಮೇಲ್ಮುಖ ಮಾಡಿ ಚಿತ್ರ ತೆಗೆದರೆ ತೆರಪು ಎಷ್ಟು ಎಂಬ ಹೋಲಿಕೆಗೆ ಸಾಕು. ನೆತ್ತಿಯ ಬಿಸಿಲಿನ ಹೊತ್ತನ್ನು ಇದಕ್ಕೆ ಆರಿಸಬೇಡಿ.

ಹೆಜ್ಜೆ 10: ಜಿಗಣೆ, ಉಣ್ಣೆ, ಹಾವು, ಇಳಿಜಾರು

ಜಿಗಣೆಗೆ ಹೆದರುವವರೇ ಹೆಚ್ಚು, ಅಪಾಯ ಮಾತ್ರ ಅದರಿಂದ ಕಡಿಮೆ. ಕಚ್ಚಿದರೆ ಉಗುರನ್ನು ಚರ್ಮದ ಮೇಲೆ ಜಾರಿಸಿ, ಸಣ್ಣ ತುದಿಯನ್ನು ಮೊದಲು ಬಿಡಿಸಿ. ಬೆಂಕಿ ತಾಗಿಸಬೇಡಿ, ಕುಡಿದದ್ದನ್ನು ಗಾಯದೊಳಗೇ ಕಕ್ಕಬಹುದು. ರಕ್ತ ಹೆಪ್ಪುಗಟ್ಟದಂತೆ ಅದು ಬಿಟ್ಟ ದ್ರವದಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ತೊಳೆದು ಒತ್ತಿ ಹಿಡಿಯಿರಿ. ಸ್ಥಳೀಯರು ಕಾಲುಚೀಲಕ್ಕೆ ಹೊಗೆಸೊಪ್ಪಿನ ಪುಡಿ, ಸುಣ್ಣ ಹಚ್ಚುತ್ತಾರೆ. ಅದನ್ನು ತೊರೆಯ ನೀರಿಗೆ ತಾಗಿಸಬೇಡಿ, ನೀರಿನಲ್ಲಿರುವುದನ್ನು ಕಪ್ಪೆಗಳು ಚರ್ಮದಿಂದಲೂ ಹೀರುತ್ತವೆ.

ಬೇಸಿಗೆಯಲ್ಲಿ ರಕ್ತ ಹೀರುವ ಉಣ್ಣೆ ಹುಳಗಳ (ಉಣುಗು) ಬಗ್ಗೆ ಹೆಚ್ಚು ಎಚ್ಚರ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣೆಗಳಿಂದ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಮರಳಿದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಮೈಯನ್ನು ಪೂರ್ತಿ ಪರೀಕ್ಷಿಸಿ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಕೈ ಇಡುವ ಮೊದಲು ಕಣ್ಣು ಇಡಿ: ಕೊಂಬೆಯ ಮೇಲೆ, ಬಂಡೆಯ ಸಂದಿನಲ್ಲಿ ಎಲೆಯ ಬಣ್ಣದ ಗುಳಿಮಂಡಲವೆಂಬ ವಿಷದ ಹಾವು ಅಲುಗದೆ ಇರುತ್ತದೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ ತಯಾರಾದದ್ದು, ಗುಳಿಮಂಡಲಕ್ಕೆ ಅಲ್ಲ. ಯಾವ ಹಾವು ಕಚ್ಚಿದರೂ ಕುಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗ ಅಲುಗದಂತೆ ಮಾಡಿ, ನಡೆಸದೆ ಹೊತ್ತು ತಂದು, 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಸೇರಿಸಿ.

ಕಾಲವಲ್ಲದ ಕಾಲದಲ್ಲಿ ಜೋರು ಮಳೆ ಬಂದರೆ ತೊರೆಯ ನೀರು ನೋಡಿ. ಅದು ಇದ್ದಕ್ಕಿದ್ದಂತೆ ಕೆಂಪಾಗಿ ಕಸಕಡ್ಡಿ ಹೊತ್ತು ಬರತೊಡಗಿದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ಅರ್ಧ ಚೌಕವನ್ನು ಹಾಗೆಯೇ ಬಿಟ್ಟು ಎತ್ತರದ ಗಟ್ಟಿ ನೆಲಕ್ಕೆ ಸರಿಯಿರಿ. ಹಾಳೆಯಲ್ಲಿ “ಮರ 14ರವರೆಗೆ ಮಾತ್ರ” ಎಂದು ಬರೆದರೆ ಕೆಲಸ ಹಾಳಾಗುವುದಿಲ್ಲ.

ಹೆಜ್ಜೆ 11: ಮೂರೂವರೆಗೆ ಹೊರಡುವುದು

ಬಯಲಿನಲ್ಲಿ ಆರು ಗಂಟೆಗೆ ಕತ್ತಲಾದರೆ ಮಳೆಕಾಡಿನೊಳಗೆ ಐದಕ್ಕೇ ಕಣ್ಣು ಮಂದವಾಗುತ್ತದೆ. ಮೂರೂವರೆಗೆ ಟೇಪು ಸುತ್ತಿಡಿ. ಹೊರಡುವ ಮೊದಲು ಚೌಕದ ನಡುವೆ ನಿಂತು ಹಾಳೆಯನ್ನು ಸಾಲುಸಾಲಾಗಿ ಓದಿ: ಬಿಟ್ಟ ಕಾಲಮು ಯಾವುದು, 8ನೇ ಮರಕ್ಕೆ ಎತ್ತರ ಬರೆದಿದ್ದೀರಾ, ಎರಡು ಮರಕ್ಕೆ ಒಂದೇ ಸಂಖ್ಯೆ ಬಿದ್ದಿದೆಯೇ? ಮರ ಎದುರಿಗೇ ಇರುವಾಗ ತಿದ್ದಲು ಒಂದು ನಿಮಿಷ ಸಾಕು. ಹಗ್ಗ, ಗೂಟ, ಪ್ಲಾಸ್ಟಿಕ್ ಚೂರು ಎಲ್ಲವನ್ನೂ ಎಣಿಸಿ ಹಿಂದಕ್ಕೆ ತನ್ನಿ.

ಸಂಜೆಯ ಕಪ್ಪೆಗಳ ದನಿ ಕೇಳುವ ಆಸೆಯಿದ್ದರೆ ಅದನ್ನು ಉಳಿದುಕೊಂಡ ತೋಟದ ಅಂಚಿನಲ್ಲಿ, ಮನೆಯವರ ಒಪ್ಪಿಗೆ ಪಡೆದು ತೀರಿಸಿಕೊಳ್ಳಿ. ಪೊದೆಗಪ್ಪೆಗಳು ಎಲೆಗಳ ಮೇಲಿಂದಲೇ ಕೂಗುತ್ತವೆ. ಅವುಗಳಲ್ಲಿ ಅನೇಕವು ನೀರಿಲ್ಲದೆ, ಗೊದಮೊಟ್ಟೆಯ ಹಂತವೇ ಇಲ್ಲದೆ ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯಾಗಿ ಹೊರಬರುತ್ತವೆ. ಕೇಳಿ, ಧ್ವನಿ ಮುದ್ರಿಸಿ, ಮುಟ್ಟಬೇಡಿ.

ಹೆಜ್ಜೆ 12: ಅದೇ ರಾತ್ರಿಯ ಎರಡು ಗಂಟೆ

ಸ್ನಾನವಾದ ಮೇಲೆ ಎಷ್ಟೇ ನಿದ್ದೆ ಬಂದರೂ ಮೊದಲು ಪ್ರತಿ ಹಾಳೆಯ ಚಿತ್ರ ತೆಗೆದು ಇಬ್ಬರ ಮೊಬೈಲ್‌ನಲ್ಲಿ ಇಡಿ. ನಂತರ ಒಬ್ಬರು ಓದಿ ಇನ್ನೊಬ್ಬರು ಕಂಪ್ಯೂಟರಿಗೆ ಏರಿಸಿ. ಸಂದೇಹದ ಅಂಕಿಯನ್ನು ಅಂದಾಜಿನಿಂದ ಸರಿಪಡಿಸಬೇಡಿ. ಇದ್ದಂತೆಯೇ ಇಟ್ಟು ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ. ಮೂಲ ಹಾಳೆಯಲ್ಲಿ ತಪ್ಪನ್ನು ರಬ್ಬರಿನಿಂದ ಅಳಿಸದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಚಿತ್ರಗಳ ಹೆಸರನ್ನು ಚೌಕ, ಮರ, ದಿನಾಂಕ ಸೇರಿಸಿ ಬದಲಿಸಿ. ಸಂಗ್ರಹದ ಅನುಮತಿ ಇದ್ದು ಮಾದರಿ ತಂದಿದ್ದರೆ ಅದೇ ರಾತ್ರಿ ಹಳೆಯ ವಾರ್ತಾಪತ್ರಿಕೆಗಳ ನಡುವೆ ಹರಡಿ ಒತ್ತಿಡಿ, ಮರುದಿನವೇ ಕಾಗದ ಬದಲಿಸಿ. ಕೊಡಗಿನ ತೇವದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ.

ಕಾಲೇಜಿಗೆ ಮರಳಿದ ಮೇಲೆ ವರದಿಯ ಪ್ರತಿಯನ್ನು ವಲಯ ಕಚೇರಿಗೂ, ದೇವರಕಾಡಾಗಿದ್ದರೆ ಅದರ ಸಮಿತಿಗೂ ಕಳುಹಿಸಿ. ಅದರ ಜೊತೆ ಚೌಕಗಳ ಕೈನಕಾಶೆ, ಹೆಗ್ಗುರುತುಗಳ ವಿವರ, ಮರಗಳ ಪೂರ್ಣ ಪಟ್ಟಿ ಇರಲಿ. ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಪ್ರತಿ, ಮಾರ್ಗದರ್ಶಕರ ಬಳಿ ಒಂದು. ಜೊತೆಗೆ ಬಂದ ವಾಚರ್ ಅಣ್ಣನಿಗೆ ಕನ್ನಡದಲ್ಲಿ ಬರೆದ ಎರಡು ಪುಟಗಳ ಸಾರಾಂಶ ಮತ್ತು ನಕಾಶೆ ಕೊಡಿ. ಆ ದಾರಿಯಲ್ಲಿ ಮುಂದೆಯೂ ಓಡಾಡುವವರು ಅವರೇ.